ಮನೆಪಟ್ಟಿ: ಕೊಡುವ ಕೈ, ಕೇಳುವ ಬಾಯಿ

ತೆರಿಗೆ ಎಂಬ ಮೂರಕ್ಷರ ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕದ ಗೃಹಸ್ಥನನ್ನು ನಾನು ಈವರೆಗೆ ಕಂಡಿಲ್ಲ. ವರಮಾನ ತೆರಿಗೆ ನಮ್ಮಲ್ಲಿ ಬಹುಜನರಿಗೆ ದೂರದ ಮಾತು. ಸರಕು ಮತ್ತು ಸೇವೆಗಳ ತೆರಿಗೆಯಂತೂ ಸಾಬೂನು ಬಿಸ್ಕತ್ತುಗಳ ಬೆಲೆಯೊಳಗೆ ಅಡಗಿ ಕುಳಿತು, ಕೊಟ್ಟವನಿಗೇ ತಿಳಿಯದಂತೆ ಜೇಬಿನಿಂದ ಜಾರಿಹೋಗುತ್ತದೆ. ಮನೆಪಟ್ಟಿಯ ರೀತಿ ಬೇರೆ. ಅದು ಯಜಮಾನನ ಹೆಸರು ಹಿಡಿದು, ಮನೆಯ ನಂಬರು ಹಿಡಿದು, ನೇರವಾಗಿ ಬಾಗಿಲಿಗೇ ಬರುತ್ತದೆ. ಆದುದರಿಂದಲೇ ಜನರ ಸಿಟ್ಟೂ ಅದರ ಮೇಲೆ ಹೆಚ್ಚು. ಆ ಸಿಟ್ಟಿನಲ್ಲಿ ನ್ಯಾಯವೆಷ್ಟು, ತಿಳಿಯದಿರುವಿಕೆ ಎಷ್ಟು ಎಂಬುದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಥೆ ಕವಿತೆಗಳ ನಡುವೆ ಮನೆಪಟ್ಟಿಗೇನು ಕೆಲಸ ಎಂದು ಕೆಲವು ಮಿತ್ರರು ನಕ್ಕಾರು. ನಗಲಿ. ಆದರೆ ಒಂದು ಮಾತು ಯೋಚಿಸಬೇಕು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಆಡಂ ಸ್ಮಿತ್ ಮಹಾಶಯನು ೧೭೭೬ರಲ್ಲಿ ಹೇಳಿದ ತೆರಿಗೆಯ ನಾಲ್ಕು ಸೂತ್ರಗಳನ್ನು ಬಾಯಿಪಾಠ ಮಾಡುತ್ತೇವೆ: ಸಮಾನತೆ, ನಿಶ್ಚಿತತೆ, ಅನುಕೂಲತೆ, ಮಿತವ್ಯಯ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಅದೇ ಸಾಯಂಕಾಲ ಮನೆಯಲ್ಲಿ ತಂದೆಯವರು ಪಟ್ಟಿಯ ಪಾವತಿಯನ್ನು ಮುಂದಿಟ್ಟು “ಇದ್ರಾಗ ಏನ್ ಬರದಾರ ನೋಡಪಾ” ಎಂದರೆ ತಲೆ ಕೆರೆದುಕೊಳ್ಳುತ್ತೇವೆ. ಸ್ಮಿತ್ತನ ಸೂತ್ರ ಬಲ್ಲವನಿಗೆ ಮನೆಯ ಪಾವತಿ ಓದಲು ಬರದಿದ್ದರೆ ಆ ವಿದ್ಯೆ ಎಷ್ಟರಮಟ್ಟಿಗೆ ಸಾರ್ಥಕ?

ನಾನು ವಾಸಿಸುವುದು ಐವಾನ್-ಎ-ಶಾಹಿಯ ಬಳಿಯಲ್ಲಿ. ಈ ಹೆಸರಿನ ಅರ್ಥವೇ ರಾಜಮಂದಿರ. ನಿಜಾಮರು ನಮ್ಮೂರಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಆ ಭವನ ಇಂದು ಸರ್ಕಾರದ ಅತಿಥಿಗೃಹವಾಗಿದೆ. ಆ ಕಾಲದಲ್ಲಿ ಪ್ರಜೆ ಕೊಡುವುದು ಕರ್ತವ್ಯ, ದೊರೆ ಖರ್ಚು ಮಾಡುವುದು ಕೃಪೆ. ನಡುವೆ ಪ್ರಶ್ನೆಗೆ ಎಡೆಯಿರಲಿಲ್ಲ. ೧೯೪೮ರ ಸೆಪ್ಟೆಂಬರ್ ೧೭ರಂದು ಆ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ್ ೧ರಂದು ನಾವು ಕನ್ನಡನಾಡಿನೊಳಗೆ ಸೇರಿದೆವು. ೨೦೧೪ರಲ್ಲಿ ಗುಲ್ಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ೫೫ ವಾರ್ಡುಗಳಿಗೆ ನಾವೇ ಸದಸ್ಯರನ್ನು ಆರಿಸಿ ಕಳುಹಿಸಿದೆವು. ಇಷ್ಟೆಲ್ಲ ಬದಲಾದರೂ ಮನೆಪಟ್ಟಿಯ ವಿಷಯದಲ್ಲಿ ಮಾತ್ರ ನಮ್ಮ ಮನಸ್ಸು ಇನ್ನೂ ರಾಜಮಂದಿರದ ಮುಂದೆ ಕೈಕಟ್ಟಿ ನಿಂತ ಪ್ರಜೆಯ ಮನಸ್ಸಾಗಿಯೇ ಉಳಿದಿದೆಯೆಂದು ನನಗೆ ತೋರುತ್ತದೆ. ಒಂದೋ ಅಂಜಿ ಕೊಡುತ್ತೇವೆ, ಇಲ್ಲವೇ ತಪ್ಪಿಸಿಕೊಂಡು ಓಡುತ್ತೇವೆ. ಲೆಕ್ಕ ಹಾಕಿ ಕೊಟ್ಟು, ಕೊಟ್ಟದ್ದಕ್ಕೆ ಲೆಕ್ಕ ಕೇಳುವ ಮೂರನೆಯ ದಾರಿಯೊಂದುಂಟು. ಪೌರನ ದಾರಿ ಅದೇ.

ಮೊದಲು ಲೆಕ್ಕದ ಮಾತು. ಹಿಂದೆ ಮನೆಯ ವಾರ್ಷಿಕ ಬಾಡಿಗೆ ಎಷ್ಟು ಬಂದೀತು ಎಂದು ಅಧಿಕಾರಿಯು ಅಂದಾಜು ಮಾಡಿ ತೆರಿಗೆ ಗೊತ್ತುಪಡಿಸುತ್ತಿದ್ದ. ಅಂದಾಜು ಆತನ ಕೈಯಲ್ಲಿದ್ದುದರಿಂದ ಒಂದೇ ಓಣಿಯ ಎರಡು ಸಮಾನ ಮನೆಗಳಿಗೆ ಎರಡು ಬಗೆಯ ಪಟ್ಟಿ ಬೀಳುವ ಅವಕಾಶವಿತ್ತು. ಬೆಂಗಳೂರಿನಲ್ಲಿ ೨೦೦೦ದಲ್ಲಿಯೂ, ರಾಜ್ಯದ ಉಳಿದ ನಗರಗಳಲ್ಲಿ ೨೦೦೨ರಲ್ಲಿಯೂ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ಈಗ ಮನೆಯೊಡೆಯನೇ ತನ್ನ ನಿವೇಶನದ ಅಳತೆ, ಕಟ್ಟಡದ ಅಳತೆ, ಕಟ್ಟಡದ ಬಗೆ, ಅದರ ವಯಸ್ಸು, ಬಳಕೆ ಇವುಗಳನ್ನು ನಮೂನೆಯಲ್ಲಿ ತುಂಬಿ ತೆರಿಗೆಯನ್ನು ತಾನೇ ಕಂಡುಹಿಡಿಯಬೇಕು. ಬೆಂಗಳೂರಿನ ಹೊರಗಿನ ನಗರಗಳಲ್ಲಿ ಇದಕ್ಕೆ ಆಧಾರ ಬಾಡಿಗೆಯಲ್ಲ, ಆಸ್ತಿಯ ಮೌಲ್ಯ. ನೋಂದಣಿ ಇಲಾಖೆಯು ಪ್ರತಿಯೊಂದು ಬಡಾವಣೆಗೂ ಗೊತ್ತುಪಡಿಸುವ ಮಾರ್ಗಸೂಚಿ ಬೆಲೆಯಿಂದ ಲೆಕ್ಕ ಹೊರಡುತ್ತದೆ. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯುತ್ತಾರೆ. ಆ ಬೆಲೆಯ ಒಂದು ಅಂಶವನ್ನು ಮಾತ್ರ ತೆರಿಗೆಗೊಳಪಡುವ ಮೌಲ್ಯವೆಂದು ಹಿಡಿದು, ಅದರ ಮೇಲೆ ಪಾಲಿಕೆಯು ನಿಶ್ಚಯಿಸಿದ ದರವನ್ನು ಹಾಕುತ್ತಾರೆ. ವಾಸದ ಮನೆಗೊಂದು ದರ, ಅಂಗಡಿಗೊಂದು, ಖಾಲಿ ನಿವೇಶನಕ್ಕೊಂದು. ಮುಂದಿನ ಹಾಲಿನಲ್ಲಿ ಕಿರಾಣಿ ಅಂಗಡಿ ಇಟ್ಟು ಇಡೀ ಮನೆಯನ್ನು ವಾಸದ ಮನೆಯೆಂದು ಬರೆಯುವುದು ಜಾಣತನವೆನಿಸಬಹುದು. ಆದರೆ ಘೋಷಣೆಯನ್ನು ಪರಿಶೀಲಿಸುವ ಅಧಿಕಾರ ಪಾಲಿಕೆಗೆ ಇದ್ದೇ ಇದೆ. ಸಿಕ್ಕಿಬಿದ್ದಾಗ ವ್ಯತ್ಯಾಸವನ್ನೂ ಅದರ ಮೇಲೆ ದಂಡವನ್ನೂ ಕಕ್ಕಬೇಕಾಗುತ್ತದೆ.

ಕಲ್ಪನೆಗಾಗಿ ಒಂದು ಮನೆಯನ್ನು ತೆಗೆದುಕೊಳ್ಳೋಣ. ಲೆಕ್ಕ ಹಾಕಿದಾಗ ಅದರ ತೆರಿಗೆ ೪,೦೦೦ ರೂಪಾಯಿ ಬಂದಿತೆನ್ನಿ. ಇದರ ಮೇಲೆ ಉಪಕರಗಳು ಸೇರುತ್ತವೆ: ಆರೋಗ್ಯ ಕರ ನೂರಕ್ಕೆ ೧೫ರಂತೆ ೬೦೦ ರೂಪಾಯಿ, ಗ್ರಂಥಾಲಯ ಕರ ನೂರಕ್ಕೆ ೬ರಂತೆ ೨೪೦ ರೂಪಾಯಿ, ಭಿಕ್ಷುಕರ ಕರ ನೂರಕ್ಕೆ ೩ರಂತೆ ೧೨೦ ರೂಪಾಯಿ. ಈ ಮೂರರಿಂದಲೇ ೯೬೦ ರೂಪಾಯಿ ಆಯಿತು. ಕಸ ವಿಲೇವಾರಿಯಂಥ ಶುಲ್ಕಗಳು ಬೇರೆ. ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲಿನಲ್ಲಿಯೇ ಪೂರ್ತಿ ಕಟ್ಟಿದವನಿಗೆ ತೆರಿಗೆಯಲ್ಲಿ ನೂರಕ್ಕೆ ೫ರ ರಿಯಾಯಿತಿ, ಅಂದರೆ ೨೦೦ ರೂಪಾಯಿ ಉಳಿತಾಯ. ಗಡುವು ಮೀರಿದವನಿಗೆ ತಿಂಗಳಿಗೆ ನೂರಕ್ಕೆ ೨ರ ದಂಡ. ಹನ್ನೆರಡು ತಿಂಗಳು ಆಲಸ್ಯ ಮಾಡಿದರೆ ದಂಡವೇ ನೂರಕ್ಕೆ ೨೪! ಯಾವ ಬ್ಯಾಂಕು ಠೇವಣಿಯ ಮೇಲೆ ಇಷ್ಟು ಬಡ್ಡಿ ಕೊಡುತ್ತದೆ? “ಮುಂದ ಸರ್ಕಾರ ಮನ್ನಾ ಮಾಡ್ತದ” ಎಂದು ಕಾಯುವವನು ತನ್ನ ಮನೆಯ ಬುಡಕ್ಕೆ ತಾನೇ ಸಾಲದ ಗೆದ್ದಲು ಹಿಡಿಸಿಕೊಳ್ಳುತ್ತಾನೆ. ಸ್ಮಿತ್ತನ ನಿಶ್ಚಿತತೆಯ ಸೂತ್ರ ಇಲ್ಲಿ ಬಹುಮಟ್ಟಿಗೆ ಕೈಗೂಡಿದೆಯೆನ್ನಬೇಕು. ಎಷ್ಟು, ಯಾವಾಗ, ಯಾರಿಗೆ ಎಂಬ ಮೂರೂ ಮೊದಲೇ ಗೊತ್ತು. ಗೊತ್ತುಮಾಡಿಕೊಳ್ಳದಿದ್ದರೆ ಕೊರತೆ ನಮ್ಮದು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ ಆಳವಾಗಿ ಬೇರೂರಿದೆ. ನಮ್ಮ ಓಣಿಯಲ್ಲಿ ಒಬ್ಬ ವೃದ್ಧೆಯಿದ್ದಾರೆ. ಎಲ್ಲರೂ ಅವರನ್ನು ಆಯಿ ಎಂದೇ ಕರೆಯುವುದು. ಪತಿ ತೀರಿಕೊಂಡು ಬಹು ವರ್ಷಗಳಾದವು. ಪ್ರತಿ ವರ್ಷದ ಪಾವತಿಯನ್ನೂ ಕಬ್ಬಿಣದ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಜೋಪಾನವಾಗಿಟ್ಟಿದ್ದಾರೆ. “ಪಾವತಿ ಇದ್ರ ಮನಿ ಇದ್ಹಾಂಗಪ್ಪಾ” ಎಂಬುದು ಅವರ ನಂಬಿಕೆ. ಪಾವತಿಗಳೆಲ್ಲ ಇಂದಿಗೂ ಅವರ ಮಾವನವರ ಹೆಸರಿನಲ್ಲಿವೆ! ತೆರಿಗೆ ಕಟ್ಟಿದ ರಸೀದಿಯಾಗಲಿ ಖಾತೆಯ ಉತಾರವಾಗಲಿ ಒಡೆತನದ ಹಕ್ಕುಪತ್ರವಲ್ಲ. ತೆರಿಗೆಯ ಹೊಣೆ ಯಾರದೆಂದು ತೋರಿಸುವ ದಾಖಲೆ ಮಾತ್ರ. ಒಡೆತನವು ಕ್ರಯಪತ್ರ, ಪಾಲುಪತ್ರ, ಮರಣಶಾಸನ, ವಾರಸಾ ಹಕ್ಕು ಇವುಗಳಿಂದ ಬರುವಂಥದು. ಮನೆಯ ಹಿರಿಯರು ತೀರಿಕೊಂಡಾಗ ಮರಣ ಪ್ರಮಾಣಪತ್ರ ಮತ್ತು ವಾರಸಾ ದಾಖಲೆಗಳೊಡನೆ ಖಾತೆಯನ್ನು ವರ್ಗಾಯಿಸಿಕೊಳ್ಳದೆ ಹೋದರೆ ನಾಳೆ ಬ್ಯಾಂಕಿನ ಸಾಲಕ್ಕೆ, ಮಾರಾಟಕ್ಕೆ, ಅಣ್ಣತಮ್ಮಂದಿರ ಪಾಲಿಗೆ ಎಲ್ಲಕ್ಕೂ ಅಡ್ಡಿ. ಆಗ ದಲ್ಲಾಳಿಯು ಬಗಲಲ್ಲಿ ಚೀಲ ಸಿಕ್ಕಿಸಿಕೊಂಡು ಬರುತ್ತಾನೆ. ಓದು ಬಾರದವರ ಅಂಜಿಕೆಯೇ ಅವನ ಬಂಡವಾಳ. ಆಯಿಯಂಥವರು ಪಾಲಿಕೆಗೆ ಕೊಡುವುದಕ್ಕಿಂತ ಇಂಥವರಿಗೆ ಕೊಡುವುದೇ ಹೆಚ್ಚಾದರೆ ಅದು ಓದಿದ ನಮಗೆ ನಾಚಿಕೆಯ ಮಾತು.

ಹಳ್ಳಿಯಿಂದ ಬರುವ ಮಿತ್ರರು ಇದು ಪಟ್ಟಣದವರ ತೊಡಕೆಂದು ಪುಟ ತಿರುವಬಾರದು. ಕಮಲಾಪುರದ ಸುತ್ತಲಿನ ಹಳ್ಳಿಗಳಿಂದ ನಿತ್ಯವೂ ಬಸ್ಸಿನಲ್ಲಿ ಬಂದು ಓದುವ ಸಹಪಾಠಿಗಳು ನಮ್ಮಲ್ಲಿ ಅನೇಕರು. ಕೆಂಪು ಬಾಳೆಯ ತೋಟಕ್ಕೆ ಪಹಣಿ ಇರುವಂತೆ ಊರೊಳಗಿನ ಮನೆಗೂ ಲೆಕ್ಕವುಂಟು. ೧೯೯೩ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯತಿಯು ತನ್ನ ವ್ಯಾಪ್ತಿಯ ಮನೆ ಮತ್ತು ನಿವೇಶನಗಳ ಮೇಲೆ ತೆರಿಗೆ ಹಾಕುತ್ತದೆ. ಇ-ಸ್ವತ್ತು ಎಂಬ ಗಣಕ ವ್ಯವಸ್ಥೆಯಲ್ಲಿ ನಮೂನೆ ೯ ಮತ್ತು ನಮೂನೆ ೧೧ ಎಂಬ ಎರಡು ಪತ್ರಗಳು ದೊರೆಯುತ್ತವೆ. ಈ ಪತ್ರಗಳಿಲ್ಲದೆ ಹಳ್ಳಿಯ ಮನೆಯ ಕ್ರಯ ನೋಂದಣಿಗೆ ಹೋದವರಿಗೆ ಅದರ ಬಿಸಿ ಗೊತ್ತು. ನಗರಗಳಲ್ಲಿ ಇದೇ ಕೆಲಸವನ್ನು ಇ-ಆಸ್ತಿ ಎಂಬ ವ್ಯವಸ್ಥೆ ಮಾಡುತ್ತದೆ. ಹೆಸರು ಬೇರೆಯಾದರೂ ಗೃಹಸ್ಥನ ಹೊಣೆ ಒಂದೇ.

ಈಗ ಹಣ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ೨೪೦ ರೂಪಾಯಿ ಗ್ರಂಥಾಲಯಕ್ಕೆಂದು ಇದ್ದುದನ್ನು ಓದುಗರು ಗಮನಿಸಿರಬಹುದು. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಫಲ ಅದು. ನಗರ ಗ್ರಂಥಾಲಯದ ಮೂಲೆಯಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುತ್ತ ಕುಳಿತ ಬಡ ಹುಡುಗನ ಮುಂದಿರುವ ಪತ್ರಿಕೆಯಲ್ಲಿ ಹೂ ಮಾರುವವಳ ಮನೆಯ ಆರು ಪೈಸೆಯೂ ಉಂಟು, ವಕೀಲರ ಬಂಗಲೆಯ ಆರು ಪೈಸೆಯೂ ಉಂಟು. ನಮ್ಮ ನೆಲಕ್ಕೆ ಇದು ಹೊಸದೂ ಅಲ್ಲ. ಇದೇ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿತ್ತು. ೧೦೫೮ರ ಶಾಸನವು ಅಲ್ಲಿನ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಬಿಟ್ಟ ದತ್ತಿಯನ್ನು ಹೇಳುತ್ತ, ಪುಸ್ತಕಗಳನ್ನು ಕಾಯುವ ೬ ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಆ ದತ್ತಿಯ ಹಿಂದೆ ಇದ್ದುದು ಭೂಮಿ ಉತ್ತವನ ಬೆವರು. ಸುಮಾರು ಸಾವಿರ ವರ್ಷಗಳ ಹಿಂದೆ ಈ ಭಾಗದ ಜನರ ದುಡಿಮೆ ಪುಸ್ತಕವನ್ನು ಸಾಕಿತು. ಇಂದು ಮನೆಪಟ್ಟಿ ಸಾಕಬೇಕಾಗಿದೆ. ಆದರೆ ಇಲ್ಲೊಂದು ಕೊಂಡಿಯುಂಟು. ಗ್ರಂಥಾಲಯದ ಹೆಸರಿನಲ್ಲಿ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಸಕಾಲದಲ್ಲಿ ದಾಟಿಸುವುದಿಲ್ಲವೆಂಬ ದೂರು ರಾಜ್ಯದಲ್ಲಿ ಹಳೆಯದು. ಕೊಡುವವರು ಕೇಳದಿದ್ದರೆ ದಾಟಿಸುವವರಿಗೆ ಅವಸರವೇಕೆ?

ಇಲ್ಲಿಯೇ ನಮ್ಮ ಜನರ ಮುಖ್ಯ ಆಕ್ಷೇಪಣೆ ಬರುತ್ತದೆ. “ಗಟಾರ ತುಂಬಿ ಹರಿಲಾಕತ್ತದ, ಓಣ್ಯಾಗ ದೀಪ ಇಲ್ಲ, ನಾ ಯಾಕ ಪಟ್ಟಿ ಕಟ್ಟಲಿ?” ಶಹಾಬಜಾರಿನಿಂದ ಸ್ಟೇಷನ್ ಬಜಾರಿನವರೆಗೆ ಯಾವ ಕಟ್ಟೆಯ ಮೇಲೆ ಕುಳಿತರೂ ಈ ಮಾತು ಕೇಳಬಹುದು. ಇದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೆ ಕೊಡದೆ ಇರುವುದರಿಂದ ಗಟಾರ ತಾನಾಗಿ ಸ್ವಚ್ಛವಾಗುವುದಿಲ್ಲ. ಕೊಡದವನಿಗೆ ಕೇಳುವ ಬಾಯೂ ಇರುವುದಿಲ್ಲ. ಪಾಲಿಕೆಯ ಬೊಕ್ಕಸ ಬರಿದಾದಷ್ಟೂ ಅದು ಬೆಂಗಳೂರಿನ ಕಡೆ, ದಿಲ್ಲಿಯ ಕಡೆ ಕೈಯೊಡ್ಡುತ್ತದೆ. ಹಣ ಮೇಲಿನಿಂದ ಬಂದಾಗ ಅಧಿಕಾರಿಗಳ ಕಣ್ಣೂ ಮೇಲಕ್ಕೇ ನೆಟ್ಟಿರುತ್ತದೆ, ಓಣಿಯ ಕಡೆ ಅಲ್ಲ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ನಮ್ಮ ಪ್ರದೇಶಕ್ಕೆ ೩೭೧ (ಜೆ) ವಿಧಿಯ ವಿಶೇಷ ಸ್ಥಾನ ಬಂದಿತು. ಅದು ಹೋರಾಟದಿಂದ ಪಡೆದ ಹಕ್ಕು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹಿಂದುಳಿದವರೆಂದು ಹೊರಗಿನಿಂದ ಕೇಳುವಷ್ಟೇ ಗಟ್ಟಿಯಾಗಿ, ನಮ್ಮದೇ ಊರಿನ ನಮ್ಮದೇ ಹಣವನ್ನು ಕೂಡಿಸಿ ಅದರ ಲೆಕ್ಕವನ್ನು ಕೇಳಿದ್ದೇವೆಯೆ? ಈ ಕೊರತೆ ನಮ್ಮೂರಿನದೊಂದೇ ಅಲ್ಲ. ಬೆಂಗಳೂರು ಮತ್ತು ಜೈಪುರ ನಗರಗಳು ಬರಬಹುದಾದ ಆಸ್ತಿ ತೆರಿಗೆಯಲ್ಲಿ ನೂರಕ್ಕೆ ೫ರಿಂದ ೨೦ರಷ್ಟನ್ನು ಮಾತ್ರ ಪಡೆಯುತ್ತಿವೆಯೆಂದು ೨೦೧೬-೧೭ರ ಕೇಂದ್ರದ ಆರ್ಥಿಕ ಸಮೀಕ್ಷೆ ಹೇಳಿತ್ತು. ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಗೊತ್ತುಪಡಿಸಿ, ವಸೂಲಿಯನ್ನು ಹೆಚ್ಚಿಸದ ನಗರಗಳಿಗೆ ಅನುದಾನವಿಲ್ಲವೆಂದು ೧೫ನೆಯ ಹಣಕಾಸು ಆಯೋಗವು ಷರತ್ತು ಹಾಕಿತು. ಅಂದಮೇಲೆ ಇಲ್ಲಿ ಕಟ್ಟದ ಒಂದು ರೂಪಾಯಿ ಮೇಲಿನಿಂದ ಬರುವ ರೂಪಾಯಿಗೂ ಕುತ್ತು ತರಬಲ್ಲುದು.

ಕೇಳುವ ಬಾಯಿಗೆ ಕಾನೂನು ಜಾಗ ಕೊಟ್ಟಿದೆ. ಮೂರು ಲಕ್ಷ ಜನಸಂಖ್ಯೆಯುಳ್ಳ ಅಥವಾ ಅದಕ್ಕೆ ಮಿಕ್ಕಿದ ನಗರದಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಸಂವಿಧಾನದ ೨೪೩ಎಸ್ ವಿಧಿ ಹೇಳುತ್ತದೆ. ೨೦೧೧ರ ಜನಗಣತಿಯಲ್ಲಿಯೇ ನಮ್ಮ ನಗರ ಐದು ಲಕ್ಷವನ್ನು ದಾಟಿತ್ತು. ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ೧೦ ರೂಪಾಯಿ ಶುಲ್ಕದ ಒಂದು ಅರ್ಜಿ ಬರೆದರೆ ನಮ್ಮ ವಾರ್ಡಿನಲ್ಲಿ ಕಳೆದ ವರ್ಷ ವಸೂಲಾದದ್ದೆಷ್ಟು, ಖರ್ಚಾದದ್ದೆಷ್ಟು, ಗ್ರಂಥಾಲಯಕ್ಕೆ ದಾಟಿದ್ದೆಷ್ಟು ಎಂದು ತಿಳಿಯಬಹುದು. ಒಂದು ಕಪ್ಪು ಚಹಾದ ಬೆಲೆಯಲ್ಲಿ ಇಷ್ಟು ಕೇಳುವ ಹಕ್ಕು ನಮ್ಮ ತಾತಂದಿರಿಗೆ ರಾಜಮಂದಿರದ ಮುಂದೆ ಇರಲಿಲ್ಲ.

ಹೀಗೆಂದ ಮಾತ್ರಕ್ಕೆ ಈಗಿರುವ ಏರ್ಪಾಡೆಲ್ಲ ನ್ಯಾಯವಾದುದೆಂದು ನಾನು ವಾದಿಸುವುದಿಲ್ಲ. ಸ್ಮಿತ್ತನ ಮೊದಲ ಸೂತ್ರವಾದ ಸಮಾನತೆಯನ್ನು ಒರೆಗಲ್ಲಾಗಿ ಹಿಡಿದರೆ ಎರಡು ಕಡೆ ಬಿರುಕು ಕಾಣುತ್ತದೆ. ಮೊದಲನೆಯದು ವಿನಾಯಿತಿ. ಪೂಜಾಸ್ಥಾನಗಳಿಗೆ ವಿನಾಯಿತಿಯಿರುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಸರ್ಕಾರದ ಕೆಲಸಕ್ಕೆ ಬಳಸುವ ಕಟ್ಟಡಗಳಿಗೂ ತೆರಿಗೆಯಿಲ್ಲ. ಐವಾನ್-ಎ-ಶಾಹಿಯಂಥ ಪ್ರದೇಶದಲ್ಲಿ, ಸರ್ಕಾರಿ ಕಟ್ಟಡಗಳ ಪಕ್ಕದ ಓಣಿಯ ಶಿಕ್ಷಕನ ಮನೆ ಪಟ್ಟಿ ಕೊಡುತ್ತದೆ; ಎದುರಿನ ದೊಡ್ಡ ಕಛೇರಿ ಕೊಡುವುದಿಲ್ಲ. ರಸ್ತೆ, ದೀಪ, ಗಟಾರ ಮಾತ್ರ ಇಬ್ಬರಿಗೂ ಬೇಕು. ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ ೨೮೫ನೆಯ ವಿಧಿಯ ರಕ್ಷಣೆ ಇದ್ದರೂ, ಪಡೆಯುವ ಸೌಕರ್ಯಕ್ಕೆ ತಕ್ಕಂತೆ ತೆರಿಗೆಯ ನೂರಕ್ಕೆ ೭೫, ೫೦ ಅಥವಾ ಮೂರನೆಯ ಒಂದು ಪಾಲಿನಷ್ಟು ಸೇವಾ ಶುಲ್ಕ ಕೊಡುವ ಏರ್ಪಾಡನ್ನು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಕೋಟೆಯ ಮೊಕದ್ದಮೆಯಲ್ಲಿ ಒಪ್ಪಿತು. ಈ ನಿಯಮ ಎಲ್ಲ ಸರ್ಕಾರಿ ಕಟ್ಟಡಗಳಿಗೂ ತಪ್ಪದೆ ಅನ್ವಯವಾಗಬೇಕು. ದೊಡ್ಡವರು ಮೊದಲು ಕೊಟ್ಟರೆ ಚಿಕ್ಕವರಿಗೆ ಹೇಳುವ ನೈತಿಕ ಬಲ ಬರುತ್ತದೆ.

ಎರಡನೆಯದು ಇನ್ನೂ ನೋವಿನದು. ಅನುಮತಿಯಿಲ್ಲದ ಬಡಾವಣೆಯ ಮನೆ ಕಾನೂನಿನಂತೆ ಎರಡು ಪಟ್ಟು ತೆರಿಗೆಗೆ ಗುರಿಯಾಗುತ್ತದೆ. ಅಷ್ಟು ಕೊಟ್ಟರೂ ಅದು ಸಕ್ರಮವಾದಂತಲ್ಲ. ೨೦೨೫ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಮೂರು ತಿಂಗಳ ಅಭಿಯಾನವನ್ನು ಸಾರಿತು. ಲೆಕ್ಕದ ಪುಸ್ತಕದ ಹೊರಗಿದ್ದವರು ಒಳಗೆ ಬಂದರೆಂಬುದು ಒಳ್ಳೆಯದೇ. ಆದರೆ ಹೊಲವನ್ನು ತುಂಡುಮಾಡಿ ಕೆಂಪು ಕಲ್ಲು ನೆಟ್ಟು ಮಾರಿ ಲಾಭ ಎಣಿಸಿಕೊಂಡವನು ಯಾವಾಗಲೋ ಊರು ಬಿಟ್ಟಿರುತ್ತಾನೆ. ಇದ್ದ ಎರಡು ತೊಲ ಬಂಗಾರ ಮಾರಿ ನಿವೇಶನ ಕೊಂಡ ಗೌಂಡಿಯೋ ಹಮಾಲನೋ ಇಮ್ಮಡಿ ತೆರಿಗೆಗೆ ಸಿಗುತ್ತಾನೆ. ಮೋಸ ಮಾಡಿದವನಿಗಿಂತ ಮೋಸಹೋದವನಿಗೆ ಹೆಚ್ಚು ಶಿಕ್ಷೆಯಾದರೆ ಅದನ್ನು ಸಮಾನತೆ ಎನ್ನಲಾದೀತೆ? ದಂಡವು ಬಡಾವಣೆ ಮಾಡಿದವನ ಬೆನ್ನುಹತ್ತಬೇಕು. ಕೊಳ್ಳುವವನಿಗೆ ಮೊದಲೇ ಎಚ್ಚರಿಕೆ ಹೇಳಬೇಕು. ಈ ಎರಡನೆಯ ಕೆಲಸಕ್ಕಂತೂ ಸರ್ಕಾರವನ್ನೇ ಕಾಯಬೇಕಾಗಿಲ್ಲ. ಓದಿದ ಮಗನೋ ಮಗಳೋ ಮನೆಯಲ್ಲಿದ್ದರೆ ಸಾಕು.

ಕೊನೆಗೆ ನನ್ನದೊಂದು ಸೂಚನೆ. ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿದೆ. ಗಿಡ ನೆಡುವುದು, ರಸ್ತೆ ಗುಡಿಸುವುದು ಒಳ್ಳೆಯ ಕೆಲಸಗಳೇ. ಅವುಗಳ ಜೊತೆಗೆ ಪ್ರತಿ ಏಪ್ರಿಲಿನಲ್ಲಿ ನಾಲ್ಕು ಭಾನುವಾರ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಗುರುಗಳ ಮೇಲ್ವಿಚಾರಣೆಯಲ್ಲಿ ಓಣಿಯ ಗುಡಿ ಕಟ್ಟೆಯ ಮೇಲೋ ಮಸೀದಿಯ ಅಂಗಳದಲ್ಲೋ ಒಂದು ಮೇಜು ಹಾಕಿ ಕೂಡಲಿ. ಅಳತೆ ಪಟ್ಟಿಯಿಂದ ಮನೆ ಅಳೆದು, ಮಾರ್ಗಸೂಚಿ ಬೆಲೆ ನೋಡಿ, ಓದು ಬಾರದವರ ನಮೂನೆ ತುಂಬಿಕೊಡಲಿ. ಒಂದು ಕಾಸೂ ಮುಟ್ಟಬಾರದು. ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ ವರ್ಗಾವಣೆಯ ದಾರಿ ಹೇಳಲಿ. ವರ್ಷದ ಕೊನೆಗೆ ಅದೇ ಓಣಿಯ ಪರವಾಗಿ ಪಾಲಿಕೆಗೆ ಒಂದು ಅರ್ಜಿ ಬರೆದು ಖರ್ಚಿನ ಲೆಕ್ಕ ತರಿಸಿ ಅದೇ ಕಟ್ಟೆಯ ಮೇಲೆ ಓದಿ ಹೇಳಲಿ. ಇದರಿಂದ ಓಣಿಗೆ ಎಷ್ಟು ಉಪಕಾರವೋ ನಮಗೂ ಅಷ್ಟೇ. ಪುಸ್ತಕದಲ್ಲಿ ಓದಿದ ಸೂತ್ರವು ಗಟಾರದ ಮೇಲಿನ ಕಲ್ಲಾಗಿ, ಓಣಿಯ ದೀಪವಾಗಿ, ಗ್ರಂಥಾಲಯದ ಪುಸ್ತಕವಾಗಿ ಹೇಗೆ ಮಾರ್ಪಡುತ್ತದೆ, ಅಥವಾ ಏಕೆ ಮಾರ್ಪಡುವುದಿಲ್ಲ ಎಂಬುದನ್ನು ಕಣ್ಣಾರೆ ಕಾಣಬಹುದು.

ಬಸವಾದಿ ಶರಣರು ಬಾಳಿದ ಈ ನಾಡಿನಲ್ಲಿ ದಾಸೋಹವೆಂದರೇನೆಂದು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಪ್ರಾಮಾಣಿಕವಾಗಿ ದುಡಿದುದರಲ್ಲಿ ಒಂದು ಪಾಲು ಸಮಾಜದ್ದು. ಅದು ಸಮಾಜಕ್ಕೇ ಮುಟ್ಟಿತೋ ಇಲ್ಲವೋ ಎಂದು ನೋಡುವುದೂ ಅದೇ ಧರ್ಮದ ಭಾಗವೆಂದು ನಾನು ತಿಳಿಯುತ್ತೇನೆ. ಹನಿಗೂಡಿ ಹಳ್ಳವಾಗುವುದು ನಿಜ. ಆ ಹಳ್ಳ ಯಾವ ಹೊಲಕ್ಕೆ ಹರಿಯುತ್ತದೆಂದು ಹನಿ ಕೊಟ್ಟವನು ಎದ್ದು ನಿಂತು ನೋಡಬೇಕು. ಬರುವ ಏಪ್ರಿಲಿನಲ್ಲಿ ಪರೀಕ್ಷೆಯ ಗದ್ದಲ ಎಷ್ಟೇ ಇರಲಿ, ಮಿತ್ರರೇ, ಒಂದು ಗಂಟೆ ಬಿಡುವು ಮಾಡಿಕೊಂಡು ಮನೆಯ ಪಾವತಿಗಳ ಗಂಟನ್ನು ಬಿಚ್ಚಿ ಓದಿರಿ. ಲೆಕ್ಕ ಸರಿಯಿದ್ದರೆ ಮನಸಾರೆ ಕೊಡಿರಿ. ಕೊಟ್ಟ ಮೇಲೆ ಅಂಜದೆ ಕೇಳಿರಿ.

— ಅಂತಿಮ ಬಿ.ಎ. ವಿದ್ಯಾರ್ಥಿ